ಕೊನೆಯ ಸೀಟು

ಕೆಲಸ ಹೋದ ಮೇಲೆ ಮನೆಯ ಅಡುಗೆಯನ್ನೆಲ್ಲ ಅವನೇ ಹಿಡಿದುಕೊಂಡ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕಾಯಿಸುತ್ತಿದ್ದ. ಹೆಂಡತಿಯ ಡಬ್ಬಿಗೆ ಅನ್ನ, ಬೇಳೆ. ಮಗಳ ಡಬ್ಬಿಗೆ ಬ್ರೆಡ್ಡು, ಮೊಟ್ಟೆ. ಹಲ್ಲು ಬಿದ್ದ ತಾಯಿಗೆ ಮೆತ್ತಗೆ ಬೇಯಿಸಿದ ಗಂಜಿ. ಉಪ್ಪು ಒಂದು ದಿನವೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ಎಲ್ಲರದೂ ಮುಗಿದ ಮೇಲೆ ಸಿಂಕಿನ ಪಕ್ಕದಲ್ಲಿ ನಿಂತು ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೆರೆದುಕೊಂಡು ತಿನ್ನುತ್ತಿದ್ದ. ಊಟದ ಮೇಜಿಗೆ ನಾಲ್ಕು ಕುರ್ಚಿ. ನಾಲ್ಕನೆಯದರ ಮೇಲೆ ಎಂಟು ತಿಂಗಳಿಂದ ಇಸ್ತ್ರಿ ಕಾಣದ ಬಟ್ಟೆಗಳು ಕೂತಿದ್ದವು.

"ಕೂತ್ಕೊಂಡು ತಿಂದ್ರೆ ನಿಮ್ಮ ಗಂಟೇನಾದ್ರೂ ಹೋಗುತ್ತಾ?" ಎಂದು ಹೆಂಡತಿ ಮೊದಮೊದಲು ಕೇಳುತ್ತಿದ್ದಳು.

"ಹಸಿವಿಲ್ಲ."

"ಹಸಿವಿಲ್ದೋರು ತಳ ಕೆರೀತಾರಾ?"

ಆಮೇಲಾಮೇಲೆ ಅವಳೂ ಕೇಳುವುದನ್ನು ಬಿಟ್ಟಳು.

ಅದಕ್ಕೆ ಮುಂಚೆ ಹದಿನೆಂಟು ವರ್ಷ ಅವನು ಶಾಲೆಯೊಂದರ ವ್ಯಾನು ಓಡಿಸಿದ್ದ. ಮನೆಮನೆಯ ಮುಂದೆ ನಿಲ್ಲಿಸಿ ಹಾರನ್ನು ಎರಡು ಸಲ ಮೆಲ್ಲಗೆ ಒತ್ತುತ್ತಿದ್ದದ್ದರಿಂದ ಮಕ್ಕಳು ಅವನಿಗೆ ಪೀಪೀ ಮಾಮ ಎಂದು ಹೆಸರಿಟ್ಟಿದ್ದರು. ಮೊದಲ ದಿನ ಶಾಲೆಗೆ ಹೊರಟು, ತಾಯಿಯ ಸೆರಗು ಹಿಡಿದು ಕಿರುಚುವ ಮಕ್ಕಳನ್ನು ಎರಡೇ ಮಾತಿನಲ್ಲಿ ಸುಮ್ಮನಾಗಿಸುವ ದನಿ ಅವನದು. ಶಾಲೆಗೆ ಹೊಸ ಡ್ರೈವರ್ ಬಂದರೆ ಒಂದು ತಿಂಗಳು ಅವನ ಪಕ್ಕದಲ್ಲಿ ಕೂರಿಸುತ್ತಿದ್ದರು.

ಮಕ್ಕಳೆಲ್ಲ ಇಳಿದ ಮೇಲೆ ಅವನು ಕೊನೆಯ ಸೀಟಿನ ತನಕ ನಡೆದು, ಸೀಟನ್ನು ಕೈಯಿಂದ ಮುಟ್ಟಿ, ಆಮೇಲೆ ಬೀಗ ಹಾಕುವುದು ರೂಢಿ. ಒಂದು ದಿನ ಮುಟ್ಟಲಿಲ್ಲ. ಕೊನೆಯ ಮಗು ಇಳಿಯುತ್ತಿದ್ದಂತೆ ಪಕ್ಕದ ಮನೆಯವರ ಫೋನು ಬಂತು. ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದಾರೆ, ತಲೆಯಿಂದ ರಕ್ತ ಹೋಗುತ್ತಿದೆ ಎಂದರು. ಅವನು ವ್ಯಾನನ್ನು ಶಾಲೆಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿ, ಬೀಗ ಹಾಕಿ ಓಡಿದ. ಕೊನೆಯ ಸೀಟಿನಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಮಲಗಿದ್ದಳು. ಕಿಟಕಿಗಳೆಲ್ಲ ಮುಚ್ಚಿದ್ದವು. ಎರಡೂವರೆ ಗಂಟೆ ಕಳೆದ ಮೇಲೆ ಅಂಗಳ ಗುಡಿಸುವವಳು ಗಾಜಿಗೆ ಒರಗಿದ ಪುಟ್ಟ ಕೈ ನೋಡಿ ಕೂಗಿಕೊಂಡಳು.

ಮಗು ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿತು. ಶಾಲೆಯವರು ಅವನನ್ನು ತೆಗೆದರು. ಕೋರ್ಟು ದಂಡ ಹಾಕಿತು, ಲೈಸೆನ್ಸನ್ನು ಒಂದು ವರ್ಷ ತಡೆಹಿಡಿದರು. ಅಲ್ಲಿಗೆ ಎಲ್ಲ ಮುಗಿಯಿತು ಎಂದರು ಎಲ್ಲರೂ. ಅವನು ಮಾತ್ರ ಅಂದಿನಿಂದ ಮಗುವಿನ ಮನೆಯಿದ್ದ ಬೀದಿಯನ್ನೇ ಬಿಟ್ಟ. ಸುತ್ತು ಬಳಸಿ ಮಾರ್ಕೆಟ್ಟಿಗೆ ಹೋಗುವುದು, ಅದೂ ಉರಿಬಿಸಿಲಲ್ಲಿ, ಜನ ಕಡಿಮೆ ಇರುವಾಗ. ಹಳೆಯ ಡ್ರೈವರುಗಳು ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಮನೆಗೆ ಯಾರಾದರೂ ಬಂದರೆ ಹಿತ್ತಿಲಲ್ಲಿ ಅವನಿಗೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಇನ್ನೊಂದು ಅಭ್ಯಾಸವೂ ಹತ್ತಿಕೊಂಡಿತ್ತು. ಪಾತ್ರೆ ತಿಕ್ಕುವಾಗ ತನಗೆ ತಾನೇ ಬೈದುಕೊಳ್ಳುತ್ತಿದ್ದ. ನಲ್ಲಿಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದ.

ಒಂದು ಸಂಜೆ ಒಂಬತ್ತನೇ ತರಗತಿಯ ಮಗಳು ಮೇಜಿನ ಮುಂದೆ ಕೂತು ಲೆಕ್ಕ ಮಾಡುತ್ತಿದ್ದಳು. ಅವನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಹೆಂಡತಿ ಆಗತಾನೆ ಕೆಲಸದಿಂದ ಬಂದು ಕಾಲು ಚಾಚಿದ್ದಳು. ಮಗಳು ಬರೆದದ್ದನ್ನು ಒಮ್ಮೆ ಒರೆಸಿದಳು, ಮತ್ತೊಮ್ಮೆ ಒರೆಸಿದಳು, ಹಾಳೆ ಹರಿಯಿತು. ಆಮೇಲೆ ಮುಷ್ಟಿ ಕಟ್ಟಿ ಹಣೆಗೆ ಗುದ್ದಿಕೊಂಡಳು.

"ದಂಡಪಿಂಡ! ಭೂಮಿಗೆ ಭಾರ! ನಿನ್ನಂಥೋಳು ಯಾಕಾದ್ರೂ ಇದ್ದೀಯೋ, ಸತ್ತಾದ್ರೂ ಹೋಗು!"

ಹಲ್ಲು ಕಚ್ಚಿಕೊಂಡು, ಉಸಿರಿನಲ್ಲೇ ಹೇಳಿದಳು. ಮಾತೂ ಅವನದೇ, ರಾಗವೂ ಅವನದೇ.

ಅವನ ಕೈಯಲ್ಲಿದ್ದ ಆಲೂಗಡ್ಡೆ ಸಿಂಕಿಗೆ ಬಿತ್ತು.

"ಯಾರೇ ಕಲಿಸಿದ್ದು ನಿನಗಿದನ್ನ?" ಎಂದ.

ಮಗಳು ತಿರುಗಿ ಅವನನ್ನೇ ನೋಡಿದಳು. ಹೆಂಡತಿ ಕೂತಲ್ಲಿಂದಲೇ ಹೇಳಿದಳು: "ಕೇಳಿಸ್ತಾ? ನಮಗೆ ದಿನಾ ಕೇಳಿಸುತ್ತೆ."

*

ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ ಎಲ್ಲ ಅವಳ ಯಂತ್ರದ ಹೊಟ್ಟೆಗೆ ಹೋಗಿ ಬರುತ್ತಿದ್ದವು. ಅಲ್ಲಿ ಕೆಳಗಿನ ಮಹಡಿಯ ಕೊನೆಯಲ್ಲಿ ಒಂದು ಚಿಕ್ಕ ಕೋಣೆ ಇತ್ತು. ಮೊದಲು ಅದರಲ್ಲಿ ಹರಿದ ಚಾದರಗಳನ್ನು ತುಂಬುತ್ತಿದ್ದರು. ಈಗ ವಾರಕ್ಕೆರಡು ದಿನ ಒಬ್ಬ ಸಮಾಲೋಚಕಿ ಬಂದು ಕೂರುತ್ತಿದ್ದಳು. ಲಾಂಡ್ರಿಯ ಹೆಂಗಸರು ಅವಳಿಗೆ ಮಾತಿನ ಡಾಕ್ಟರು ಎನ್ನುತ್ತಿದ್ದರು. ಆಲೂಗಡ್ಡೆ ಬಿದ್ದ ವಾರವೇ ಹೆಂಡತಿ ಅಲ್ಲಿ ಅವನ ಹೆಸರು ಬರೆಸಿದಳು.

"ನನಗೇನು ತಲೆ ಕೆಟ್ಟಿದ್ಯಾ?" ಎಂದ ಅವನು.

"ನಿಮಗಾಗಿ ಬೇಡ, ಮಗಳಿಗಾಗಿ ಬನ್ನಿ."

ಹೇಳಿದ ದಿನ ಅವನು ಅವಳ ಹಿಂದೆ ಹೊರಟ.

ಸಮಾಲೋಚಕಿಗೆ ಅಂದು ಜೋರು ನೆಗಡಿ. "ಸ್ವಲ್ಪ ದೂರ ಕೂತ್ಕೊಳಿ, ಹತ್ಕೊಂಡೀತು" ಎಂದು ಕುರ್ಚಿ ತೋರಿಸಿದಳು. ಅವನು ನಿಂತೇ ಇದ್ದ. ನಡೆದದ್ದನ್ನು ಪೊಲೀಸರಿಗೆ ಹೇಳಿದ ಹಾಗೆ ಹೇಳಿದ: ಎಷ್ಟು ಗಂಟೆಗೆ ಬೀಗ ಹಾಕಿದ್ದು, ಎಷ್ಟು ಗಂಟೆಗೆ ತೆಗೆದದ್ದು. ತಾಯಿ ಬಿದ್ದದ್ದನ್ನು ಹೇಳಲಿಲ್ಲ.

"ನಿಮಗೆ ನೀವೇ ಬೈಕೋತೀರಂತೆ. ಏನಂತ?"

"ಅದೆಲ್ಲ ಹೆಂಗಸರ ಮುಂದೆ ಆಡೋ ಮಾತಲ್ಲ."

"ಮಗಳು ಕೇಳಿಸ್ಕೊಂಡಿದಾಳಲ್ಲ."

ಅವನು ತಲೆ ತಗ್ಗಿಸಿ ಹೇಳಿದ. ಅವಳು ಮೂಗು ಒರೆಸಿಕೊಂಡು ಕೇಳಿದಳು: "ಯಾವ ದನೀಲಿ?"

"ದನೀನಾ?"

"ಗದರಿಸ್ತಾ? ಹಲ್ಲು ಕಚ್ಕೊಂಡಾ?"

"ಹಲ್ಲು ಕಚ್ಕೊಂಡು."

"ಹೊಸ ಡ್ರೈವರುಗಳಿಗೆ ಕಲಿಸ್ತಿದ್ರಂತೆ. ಅವರು ಗಾಡೀನ ಗೋಡೆಗೆ ತಾಗಿಸಿದ್ರೆ ಹಿಂಗೇ ಬೈತಿದ್ರಾ?"

"ಛೆ. ಬೈದ್ರೆ ಕೈ ನಡುಗುತ್ತೆ. ನಡುಗೋ ಕೈ ಮತ್ತೆ ಹೋಗಿ ಅಲ್ಲೇ ಗುದ್ದುತ್ತೆ."

"ಮತ್ತೇನು ಹೇಳ್ತಿದ್ರಿ?"

"ಮೊದ್ಲು ಬ್ರೇಕ್ ಹಾಕಪ್ಪ. ಉಸಿರು ಬಿಡು. ಕೆಳಗಿಳಿದು ಎಷ್ಟು ತಾಗಿದೆ ನೋಡು. ಆಮೇಲೆ ಹಿಂದಕ್ಕೆ ತಗೊಳ್ಳೋಣ. ಏನೂ ಅವಸರ ಇಲ್ಲ."

ಅವಳು ಬರೆಯುವುದನ್ನು ನಿಲ್ಲಿಸಿದ್ದಳು. "ಈಗ ಮಾತಾಡಿದ್ರಲ್ಲ, ಈ ದನಿ. ಇದನ್ನ ಬೇರೆಯೋರಿಗೆ ಮಾತ್ರ ಇಟ್ಕೊಂಡಿದೀರಿ."

ಕರುಣೆಯನ್ನು ಆಧಾರವಾಗಿಟ್ಟುಕೊಂಡ ಚಿಕಿತ್ಸೆಯೊಂದಿದೆ, ತಮ್ಮನ್ನು ತಾವೇ ಹೀಗಳೆದು ಹೊಡೆದುಕೊಳ್ಳುವವರಿಗೆ ಅದು ಕೆಲಸಕ್ಕೆ ಬರುತ್ತದೆ ಎಂದು ಹೇಳಿದಳು. ದಿನಕ್ಕೆ ಎರಡು ಹೊತ್ತು ನೆಟ್ಟಗೆ ಕೂತು, ಎದೆಯ ಮೇಲೆ ಕೈಯಿಟ್ಟು, ಉಸಿರನ್ನು ನಿಧಾನವಾಗಿ ಬಿಡಬೇಕು. ಹೊಸ ಡ್ರೈವರನಿಗೆ ಮಾತಾಡುವ ದನಿಯಲ್ಲಿ ತನಗೆ ತಾನೇ ಒಂದು ಮಾತು ಹೇಳಿಕೊಳ್ಳಬೇಕು. ಒಂದೇ ಸಾಕು.

ಅವನ ಮುಖ ಕಪ್ಪಿಟ್ಟಿತು. "ಮೇಡಂ, ನಾನು ಒಂದು ಮಗೂನ ಸಾಯಿಸ್ತಿದ್ದೆ. ನೀವು ಎದೆ ಸವರ್ಕೋ ಅಂತೀರಿ."

"ಬೈಗುಳಕ್ಕಿಂತ ಇದು ಕಷ್ಟ ಅಂತ ನನಗೂ ಗೊತ್ತು. ಮುಂದಿನ ವಾರ ಬನ್ನಿ."

ಮನೆಗೆ ಬಂದಾಗ ತಾಯಿ ಅಡುಗೆಮನೆಯ ಬಾಗಿಲ ಬಳಿ ಹಾಕಿದ್ದ ಮಂಚದ ಮೇಲಿಂದಲೇ ವಿಚಾರಣೆ ಶುರುಮಾಡಿದಳು. ಬಿದ್ದ ಮೇಲೆ ಆಕೆಗೆ ಆ ಮಂಚವೇ ಊರು.

"ಮಾತ್ರೆ ಕೊಟ್ಲಾ?"

"ಇಲ್ಲ."

"ಚುಚ್ಚುಮದ್ದು?"

"ಇಲ್ಲಮ್ಮ. ಎದೆ ಮೇಲೆ ಕೈಯಿಟ್ಕೊಂಡು ನಮಗೆ ನಾವೇ ಒಳ್ಳೆ ಮಾತು ಹೇಳ್ಕೋಬೇಕಂತೆ."

"ಅಯ್ಯೋ ನನ್ನ ಶನಿಯೇ! ಬೆಕ್ಕು ತನ್ನ ಮೈ ತಾನೇ ನೆಕ್ಕೋ ಹಾಗೆ! ಅದಕ್ಕೆ ಆಸ್ಪತ್ರೆ ಬೇರೆ ಕೇಡು!"

ಮಗಳಿಗೆ ನಗು ಬಂತು. ಅವನ ಬಾಯಿಯ ಕೊನೆಯೂ ಸ್ವಲ್ಪ ಅಲುಗಿತು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಗೆ ಕೇಳಿಸಿತ್ತು. ಆದರೆ ಮರುದಿನ ಗಂಜಿ ತಿರುವುತ್ತ, ಯಾರೂ ಏಳುವ ಮುಂಚೆ, ಅವನು ಎದೆಯ ಮೇಲೆ ಕೈಯಿಟ್ಟು ನೋಡಿದ. "ಪರವಾಗಿಲ್ಲಪ್ಪ" ಎನ್ನಲು ಬಾಯಿ ತೆರೆದ. ಗಾಜಿಗೆ ಒರಗಿದ್ದ ಕೈ ನೆನಪಾಯಿತು. ಆ ಮಾತನ್ನು ಮಗುವಿನ ಕೈಯಿಂದ ಕಿತ್ತುಕೊಂಡಂತೆ ಅನಿಸಿತು ಅವನಿಗೆ. ಎಷ್ಟು ಹೊತ್ತು ನಿಂತಿದ್ದನೋ, ಗಂಜಿ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ.

ಮುಂದಿನ ಎರಡು ವಾರ ಅವನು ಸಮಾಲೋಚಕಿಯ ಹತ್ತಿರ ಹೋಗಲಿಲ್ಲ. ಹೋಗುತ್ತೇನೆಂದು ಹೊರಟು ಆಸ್ಪತ್ರೆಯ ಗೇಟಿನ ಪಕ್ಕ, ಆಂಬುಲೆನ್ಸುಗಳ ನೆರಳಿನಲ್ಲಿ ಒಂದು ಗಂಟೆ ಕೂತು ವಾಪಸು ಬರುತ್ತಿದ್ದ. ಹೇಗಿತ್ತು ಎಂದು ಹೆಂಡತಿ ಕೇಳಿದರೆ "ಪರವಾಗಿಲ್ಲ" ಎನ್ನುತ್ತಿದ್ದ.

*

ಸುಳ್ಳು ಎಷ್ಟು ದಿನ ನಿಲ್ಲುತ್ತದೆ? ಸಮಾಲೋಚಕಿಯೇ ಲಾಂಡ್ರಿಗೆ ಬಂದು, "ಮನೆಯೋರಿಗೆ ಹುಷಾರಿಲ್ವಾ?" ಎಂದು ಕೇಳಿದಳು. ಆ ದಿನ ಹೆಂಡತಿ ಕೈ ಒರೆಸಿಕೊಳ್ಳದೆ ನೇರ ಮನೆಗೆ ಬಂದಳು. ಅವನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ. ಎದುರಿಗೆ ಸಿಕ್ಕಿದ್ದು ಅತ್ತೆ.

"ನಿಮ್ಮ ಮಗ ಗೇಟಿನ ಹತ್ರ ಕೂತು ಬರ್ತಿದಾರೆ. ನಿಮಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿದ್ರೆ ಏನು ಮಾಡ್ಲಿ? ಬೇಡದ ಮದ್ದು ಯಾಕೆ ಕುಡಿಸ್ತೀಯ ಅವನಿಗೆ? ತಪ್ಪು ಮಾಡಿದೋನು ನಾಲ್ಕು ದಿನ ನರಳ್ತಾನೆ, ಸರಿಹೋಗ್ತಾನೆ."

"ನಾಲ್ಕು ದಿನಾನಾ? ಎಂಟು ತಿಂಗಳಾಯ್ತು! ಬಿದ್ದೋನಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗೆ ದಿನಾ ಒಂದು ಮಾತು ಎಸೀತೀರಿ. ಚಿಕ್ಕೋನಿದ್ದಾಗಿಂದ ನಿನಗೆ ಗಮನ ಕಮ್ಮಿ ಅಂತೀರಿ. ಹಾಲು ಉಕ್ಕಿದ್ರೂ ಅದೇ, ಲೋಟ ಬಿದ್ರೂ ಅದೇ."

"ನಾನು ಒಬ್ಳೇ ಬೆಳೆಸಿದೋಳು ಕಣೇ ಅವನ್ನ. ಗಂಡಸಿಲ್ಲದ ಮನೆ. ಹೊರಗಿನೋರು ಹೊಡೆಯೋ ಮುಂಚೆ ನಾನೇ ಹೊಡೆದು ತಿದ್ದಿದೆ. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ಮುದ್ದು ಮಾಡ್ಲಿಲ್ಲ, ಅದಕ್ಕೇ ಅವನು ಹೆಗ್ಗಣ ಆಗ್ಲಿಲ್ಲ."

"ಸರಿ. ಈಗ ಹೊರಗಿನೋರು ಯಾರೂ ಹೊಡೀತಿಲ್ಲ. ಅವರನ್ನ ಅವರೇ ಹೊಡ್ಕೊಳ್ತಿದಾರೆ. ಮಗಳೂ ಶುರು ಮಾಡಿದಾಳೆ. ಇನ್ನು ತಿದ್ದೋದು ಸಾಕು ಅತ್ತೆ, ಬಿಟ್ಬಿಡಿ."

"ನಾನೇನು ಬಿಡೋದು?" ಮುದುಕಿಯ ದನಿ ಒಮ್ಮೆಲೇ ಏರಿತು. "ಆವತ್ತು ಬಿದ್ದಿದ್ದು ಯಾರು? ನಾನು! ಪಕ್ಕದ ಮನೆಯೋಳಿಗೆ ಫೋನ್ ಮಾಡು ಮಾಡು ಅಂತ ಬಾಯಿ ಬಡ್ಕೊಂಡಿದ್ದು ಯಾರು? ನಾನು! ಎರಡು ಹೊಲಿಗೆ ಹಾಕಿದ್ರು, ಅಷ್ಟೇ ಗಾಯ. ಅಷ್ಟಕ್ಕೆ ಅವನ್ನ ಓಡಿಸ್ದೆ. ಈ ಹಾಳು ಮುದುಕಿ ಬಚ್ಚಲಲ್ಲೇ ಸತ್ತಿದ್ರೆ ಆ ಕೂಸು ನೆಟ್ಟಗೆ ಕ್ಲಾಸಲ್ಲಿ ಕೂತಿರ್ತಿತ್ತು!"

ಹಿತ್ತಿಲ ಬಾಗಿಲಲ್ಲಿ ಅವನು ನಿಂತಿದ್ದ, ಕೈಯಲ್ಲಿ ಒದ್ದೆ ಟವೆಲು. ಎಂಟು ತಿಂಗಳಲ್ಲಿ ತಾಯಿ ಆ ದಿನದ ಬಗ್ಗೆ ಒಂದೇ ಒಂದು ಸಲವೂ ಮಾತೆತ್ತಿರಲಿಲ್ಲ. ಹಾಲು, ಲೋಟ, ಗಂಜಿಯ ಬಗ್ಗೆ ಬೈದಿದ್ದಳು, ಅದರ ಬಗ್ಗೆ ಇಲ್ಲ.

ಅವನು ಬಂದು ಮಂಚದ ಅಂಚಿನಲ್ಲಿ ಕೂತ.

"ಅಮ್ಮ, ಇಲ್ಲಿ ನೋಡು. ನೆಲದ ಮೇಲೆ ಸೋಪಿನ ನೀರಿತ್ತು. ನಿನಗೆ ವಯಸ್ಸಾಗಿದೆ. ಕಾಲು ಜಾರಿತು. ಭಯ ಆಯ್ತು, ಮಗನ್ನ ಕರೆದೆ. ಯಾರಾದ್ರೂ ಕರೀತಾರೆ. ಅದರಲ್ಲಿ ನಿನ್ನದೇನೂ ಇಲ್ಲ."

ಮೊದಲ ದಿನ ಶಾಲೆಗೆ ಹೊರಟ ಮಕ್ಕಳಿಗೆ ಮಾತಾಡುವ ದನಿ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅದನ್ನು ಕೇಳಿ ಎಷ್ಟೋ ದಿನವಾಗಿತ್ತು. ಅವಳು ಮುಖ ಆಚೆ ತಿರುಗಿಸಿದಳು.

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗಾದ್ರೆ ಅಷ್ಟು ಚೆನ್ನಾಗಿ ಹೇಳ್ತೀಯ. ನಿನಗೆ ಹೇಳ್ಕೊಳೋಕೆ ಏನು ರೋಗ?"

"ನನ್ನದು ಬೇರೆ ಅಮ್ಮ. ನೀನು ಜಾರಿ ಬಿದ್ದೆ. ನಾನು ನಾಲ್ಕು ಹೆಜ್ಜೆ ನಡೀಲಿಲ್ಲ."

"ನಡೀಲಿಲ್ಲ. ಹೌದು. ಅದಕ್ಕೆ ಇನ್ನೆಷ್ಟು ದಿನ ನಿಂತ್ಕೊಂಡೇ ತಿಂತೀಯ?"

ಆ ರಾತ್ರಿಯ ಊಟಕ್ಕೆ ಮಗಳು ನಾಲ್ಕನೇ ಕುರ್ಚಿಯ ಬಟ್ಟೆಗಳನ್ನೆತ್ತಿ ಒಳಗಿಟ್ಟಳು. ಅವನು ಕೂತ. ಕೂತವನಿಗೆ ಮೊಣಕೈ ಎಲ್ಲಿಡಬೇಕೆಂದು ತೋಚಲಿಲ್ಲ. ನಾಲ್ಕು ತುತ್ತು ತಿಂದು ನೀರು ತರುವ ನೆಪದಲ್ಲಿ ಎದ್ದುಹೋದ. ಮಾರನೇ ದಿನ ಮತ್ತೆ ಸಿಂಕಿನ ಪಕ್ಕ. ಅದರ ಮರುದಿನ ಆರು ತುತ್ತಿನ ತನಕ ಕೂತ.

*

ಆ ವಾರ ಗೇಟಿನ ಪಕ್ಕ ಕೂರದೆ ಒಳಗೆ ಹೋದ. ಎರಡು ವಾರ ತಪ್ಪಿಸಿದ್ದಕ್ಕೆ ಸಮಾಲೋಚಕಿ ಗದರಿಸಬಹುದು ಎಂದುಕೊಂಡಿದ್ದ. ಅವಳು ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಟೀ ಬಗ್ಗಿಸಿದಳು.

"ನನ್ನ ಕೈಲಾಗಲ್ಲ ಮೇಡಂ," ಎಂದ. "ನನ್ನ ಮೇಲೆ ನಾನೇ ಅಯ್ಯೋ ಪಾಪ ಅಂದ್ಕೊಂಡ್ರೆ, ಆ ಮಗೂಗೆ ಆಗಿದ್ದು ಏನೂ ಅಲ್ಲ ಅಂತ ಅಂದ ಹಾಗಾಗುತ್ತೆ."

"ಏನೂ ಅಲ್ಲ ಅಂತ ನಾನು ಯಾವತ್ತಾದ್ರೂ ಅಂದ್ನಾ? ತಪ್ಪು ನಿಮ್ಮದೇ. ಅದರ ಹೊಣೇನೂ ನಿಮ್ಮದೇ. ಆದ್ರೆ ಹೊಣೆ ಹೊರೋಕೆ ಬೆನ್ನು ಗಟ್ಟಿಯಿರ್ಬೇಕಲ್ವಾ? ನೀವು ದಿನಾ ಬೆನ್ನಿಗೇ ಬಾರಿಸ್ಕೋತಾ ಇದೀರಿ."

ಅವನು ಟೀ ಕುಡಿದ. ಲೋಟ ಕೆಳಗಿಟ್ಟು, ತಾಯಿ ಬಿದ್ದ ಫೋನಿನ ವಿಷಯವನ್ನು ಮೊದಲ ಸಲ ಹೇಳಿದ. ಇದನ್ನು ಪೊಲೀಸರಿಗೂ ಹೇಳಿರಲಿಲ್ಲವೇ ಎಂದು ಅವಳು ಕೇಳಿದಳು. "ಹೇಳಿದ್ರೆ ನೆಪ ಹೇಳಿದ ಹಾಗಾಗ್ತಿತ್ತು" ಎಂದ.

ಅಂದಿನಿಂದ ಪ್ರತಿ ವಾರವೂ ಹೋದ. ಉಸಿರಿನ ಅಭ್ಯಾಸ ಕೈಗೆ ಹತ್ತಲು ದಿನ ಹಿಡಿಯಿತು. ಬೆಳಿಗ್ಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮಾಡುತ್ತಿದ್ದ. ಒಮ್ಮೆ ಅಭ್ಯಾಸ ಮಾಡುತ್ತಲೇ ಅತ್ತುಬಿಟ್ಟ. ಮಗಳು ನೋಡಿದಳು, ನೋಡದವಳಂತೆ ಒಳಗೆ ಹೋಗಿ ತಾನೇ ಮೊಟ್ಟೆ ಬೇಯಿಸಿಕೊಂಡಳು. ನಲ್ಲಿಯ ಸದ್ದಿನ ಹಿಂದಿನ ಬೈಗುಳ ನಿಲ್ಲಲಿಲ್ಲ, ಕಡಿಮೆಯಾಯಿತು. ಬೈಗುಳ ನಾಲಿಗೆಯ ತುದಿಗೆ ಬಂದಾಗ ನಲ್ಲಿ ನಿಲ್ಲಿಸಿ, ಎರಡು ಉಸಿರು ಬಿಟ್ಟು, ಮತ್ತೆ ನಲ್ಲಿ ತಿರುಗಿಸುತ್ತಿದ್ದ.

"ನೀರು ಬರ್ತಿಲ್ವೇನೋ?" ಎಂದು ತಾಯಿ ಮಂಚದಿಂದ ಕೇಳುತ್ತಿದ್ದಳು.

"ಬರುತ್ತಮ್ಮ. ನಾನೇ ಬ್ರೇಕ್ ಹಾಕಿದೀನಿ."

ಆರನೆಯ ವಾರ ಸಮಾಲೋಚಕಿ ಒಂದು ಕಾಗದ ಬರೆದು ತರಲು ಹೇಳಿದಳು. ನಡೆದದ್ದೆಲ್ಲ ಗೊತ್ತಿದ್ದು, ಆದರೂ ನಿಮ್ಮ ಒಳ್ಳೆಯದನ್ನೇ ಬಯಸುವವರೊಬ್ಬರು ನಿಮಗೆ ಬರೆದ ಹಾಗೆ ಬರೆಯಿರಿ ಎಂದಳು. ಅಂಥವರು ಯಾರೂ ಅವನ ನೆನಪಿಗೆ ಬರಲಿಲ್ಲ. ಮಗಳ ನೋಟುಪುಸ್ತಕದ ಒಂದು ಹಾಳೆ ಹಿಡಿದು ಮೂರು ದಿನ ಒದ್ದಾಡಿದ. ಕೊನೆಗೆ, ಹೊಸ ಡ್ರೈವರನೊಬ್ಬನಿಗೆ ಬರೆಯುತ್ತಿದ್ದೇನೆ ಎಂದುಕೊಂಡು ಬರೆದ. ಕೋಣೆಯಲ್ಲಿ ಕೂತು ಅದನ್ನು ಓದಿದ:

"ಆವತ್ತು ಹಿಂದಿನ ಸೀಟು ನೋಡದೆ ಬೀಗ ಹಾಕಿದೆ. ಅದು ನಿನ್ನ ತಪ್ಪು, ಬೇರೆ ಯಾರದ್ದೂ ಅಲ್ಲ. ಅಮ್ಮನಿಗೆ ಏನಾಯಿತೋ ಅಂತ ಗಾಬರಿಯಲ್ಲಿದ್ದೆ. ಗಾಬರಿಯಾದವನ ಕಣ್ಣಿಗೆ ಮುಂದಿನ ದಾರಿ ಮಾತ್ರ ಕಾಣುತ್ತೆ. ಹದಿನೆಂಟು ವರ್ಷ ಹಿಂದೆ ನೋಡಿದ್ದೆ, ಒಂದು ದಿನ ನೋಡಲಿಲ್ಲ. ಅದಾದ ಮೇಲೆ ನೀನು ಅಡಗಿಕೊಂಡೆ. ನೀನು ಅಡಗಿದ್ದರಿಂದ ಆ ಮಗುವಿಗೆ ಏನೂ ಸಿಗಲಿಲ್ಲ. ನಿನ್ನ ಮಗಳಿಗೂ ಏನೂ ಸಿಗಲಿಲ್ಲ. ಬ್ರೇಕ್ ಹಾಕು. ಉಸಿರು ಬಿಡು. ಕೆಳಗಿಳಿದು ನೋಡು."

ಸಮಾಲೋಚಕಿ ಕೇಳಿದಳು: "ಕೆಳಗಿಳಿದು ಏನು ನೋಡ್ಬೇಕು?"

"ಎಷ್ಟು ತಾಗಿದೆ ಅಂತ," ಎಂದ ಅವನು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದವನಂತೆ ಅವಳನ್ನು ನೋಡಿದ.

*

ಮಗುವಿನ ಮನೆಗೆ ಹೋಗುತ್ತೇನೆ ಎಂದು ಅವನು ಹೇಳಿದ್ದು ಶನಿವಾರ ಸಂಜೆ, ಬಟ್ಟೆ ಮಡಿಸುತ್ತ.

"ನಾನೂ ಬರ್ತೀನಿ, ನಾಳೆ ಪಾಳಿ ಬದಲಾಯಿಸ್ಕೋತೀನಿ," ಎಂದಳು ಹೆಂಡತಿ.

"ಬೇಡ. ಇದು ನನ್ನ ಪಾಲಿಂದು."

"ಬೈದ್ರೆ ಅಪ್ಪಾ?" ಎಂದಳು ಮಗಳು.

"ಬೈತಾರೆ."

"ಹೊಡೆದ್ರೆ?"

"ಹೊಡೀಲಿ. ಅವರಿಗೆ ಆ ಹಕ್ಕಿದೆ. ನನ್ನನ್ನ ನಾನೇ ಹೊಡ್ಕೊಳೋ ಹಕ್ಕು ನನಗಿಲ್ಲ." ಇಷ್ಟು ತಿಂಗಳು ನೆಲ ನೋಡಿ ಮಾತಾಡಿದವನು ಈಗ ಮಗಳ ಮುಖ ನೋಡಿ ಹೇಳಿದ. ಅಜ್ಜಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವನು ಹತ್ತು ತಿಂಗಳಿಂದ ಕಾಲಿಡದಿದ್ದ ಬೀದಿಗೆ ತಿರುಗಿದ. ಎರಡನೇ ಮಹಡಿ. ಮೆಟ್ಟಿಲಲ್ಲಿ ಯಾರದೋ ಸೈಕಲ್ಲು ಅಡ್ಡ ನಿಂತಿತ್ತು. ಬಾಗಿಲು ತೆರೆದದ್ದು ಮಗುವಿನ ತಾಯಿ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ರಜೆಯ ದಿನದ ಮನೆಗೆಲಸದ ನಡುವೆ ಎದ್ದುಬಂದಿದ್ದಳು, ಕೈಗೆ ಸೋಪಿನ ನೊರೆ ಅಂಟಿತ್ತು. ಅವನನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಅವನು ಅಷ್ಟು ಇಳಿದುಹೋಗಿದ್ದ. ಗುರುತಾದ ಮೇಲೆ ಬಾಗಿಲನ್ನು ಅರ್ಧಕ್ಕೆ ಎಳೆದು, ಸಂದಿಯಲ್ಲಿ ನಿಂತಳು.

"ತಪ್ಪು ನನ್ನದು," ಎಂದ ಅವನು. "ಹಿಂದಿನ ಸೀಟು ನೋಡದೆ ಬೀಗ ಹಾಕಿದೆ. ಅವತ್ತೇ ಬಂದು ಹೇಳ್ಬೇಕಿತ್ತು. ನಾಚಿಕೆಯಿಂದ ಬರ್ಲಿಲ್ಲ. ಅದು ಎರಡನೇ ತಪ್ಪು."

"ಈಗ ಯಾಕೆ ಬಂದ್ರಿ? ಮನಸ್ಸು ಹಗುರ ಮಾಡ್ಕೊಳೋಕಾ?"

"ಇಲ್ಲ. ಕ್ಷಮಿಸಿ ಅಂತ ಕೇಳೋಕೂ ಅಲ್ಲ. ನೀವು ಕೇಳ್ಬೇಕು ಅಂತಿರೋದು ಏನಾದ್ರೂ ಇದ್ರೆ, ಉತ್ತರ ಕೊಡೋಕೆ ಬೇರೆ ಯಾರೂ ಇಲ್ಲ. ಅದಕ್ಕೆ ಬಂದೆ."

ಅವಳು ಬೈಯುತ್ತಾಳೆಂದು ಅವನು ಕಾದ. ಬೈಗುಳಕ್ಕೆ ಅವನ ಮೈ ಸಿದ್ಧವಿತ್ತು. ಅವಳು ಕೈಯ ನೊರೆಯನ್ನು ಬಟ್ಟೆಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು.

"ಅವತ್ತು ಹಾಲು ಕುಡೀಲಿಲ್ಲ ಅಂತ ಒಂದೇಟು ಹಾಕಿ ಕಳಿಸಿದ್ದೆ," ಎಂದಳು. ದನಿ ತಗ್ಗಿತ್ತು. "ವ್ಯಾನಲ್ಲಿ ಅಳ್ತಿದ್ಲಾ?"

ಅವನಿಗೆ ಇಲ್ಲ ಎಂದುಬಿಡುವ ಆಸೆಯಾಯಿತು. ಉಸಿರು ಬಿಟ್ಟ.

"ಅಳ್ತಿದ್ಲು. ಮುಂದೆ ಬಾ ಅಂತ ಕರೆದೆ, ಬರಲ್ಲ ಅಂದ್ಲು. ಹಿಂದೆ ಹೋಗಿ ಕೂತ್ಲು. ಸೇತುವೆ ತನಕ ಅತ್ಲು. ಸೇತುವೆ ದಾಟಿದ ಮೇಲೆ ಕಿಟಕೀಲಿ ನಾಯಿ ಎಣಿಸೋಕೆ ಶುರು ಮಾಡಿದ್ಲು. ಜೋರಾಗಿ, ಆಟ ಆಡೋ ಥರ. ಅಳು ನಿಂತಿತ್ತು. ಏಳು ಅಂದಿದ್ದು ಕೇಳಿಸ್ತು. ಆಮೇಲೆ ಕೇಳಿಸ್ಲಿಲ್ಲ. ಕೇಳಿಸ್ತಿಲ್ವಲ್ಲ ಅಂತ ನಾನು ತಿರುಗಿ ನೋಡ್ಬೇಕಿತ್ತು."

"ಏಳಾ?"

"ಏಳು."

"ಆಗ ಅವಳಿಗೆ ಏಳರ ತನಕವೇ ಬರ್ತಿದ್ದದ್ದು," ಎಂದಳು ತಾಯಿ. ತುಟಿ ಕಚ್ಚಿಕೊಂಡಳು. ಸ್ವಲ್ಪ ತಡೆದು, "ಈಗ ನೂರು ಎಣಿಸ್ತಾಳೆ. ಕೋಣೆ ಬಾಗಿಲು ಹಾಕಿದ್ರೆ ಮಾತ್ರ ಮಲಗಲ್ಲ. ಕಿರುಚ್ತಾಳೆ."

ಅವನು ಅದನ್ನು ಕೇಳಿಸಿಕೊಂಡ. ತಲೆ ತಗ್ಗಿಸಲಿಲ್ಲ. ಎಷ್ಟು ತಾಗಿದೆ ಎಂದು ನೋಡಲೆಂದೇ ಬಂದವನು ಕಣ್ಣು ತಪ್ಪಿಸಿದರೆ ಬಂದು ಏನು ಫಲ?

ಒಳಗಿನಿಂದ ಹುಡುಗಿಯ ದನಿ ಬಂತು: "ಅಮ್ಮಾ, ಯಾರು?"

"ಯಾರೂ ಇಲ್ಲ, ಪುಟ್ಟಾ." ಅವಳು ಅವನ ಕಡೆ ತಿರುಗಿದಳು. "ನಾಯಿ ಎಣಿಸಿದ್ದು ನನಗೆ ಗೊತ್ತಿರ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು. ನಿಮ್ಮನ್ನ ಕ್ಷಮಿಸೋದು ನನ್ನ ಕೈಲಾಗಲ್ಲ. ಮತ್ತೆ ಬರಬೇಡಿ."

"ಆಗ್ಲಿ," ಎಂದ ಅವನು.

ಬಾಗಿಲು ಮುಚ್ಚಿತು. ಚಿಲಕ ಬೀಳುವ ಸದ್ದನ್ನು ಕೇಳಿಸಿಕೊಂಡು ಅವನು ಮೆಟ್ಟಿಲಿಳಿದ.

ಬೀದಿಯಲ್ಲಿ ಭಾನುವಾರದ ಜನ ತಮ್ಮ ಪಾಡಿಗೆ ತಾವಿದ್ದರು. ಒಬ್ಬಳು ಬಾಲ್ಕನಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು, ಒಬ್ಬ ಸ್ಕೂಟರು ತೊಳೆಯುತ್ತಿದ್ದ. ಅವನು ಮೂಲೆ ದಾಟಿದ. ಬಸ್ ನಿಲ್ದಾಣದ ಸಿಮೆಂಟಿನ ಕಟ್ಟೆಯ ಮೇಲೆ ಕೂತ. ಬಸ್ಸೊಂದು ಬಂದು ನಿಂತಿತು, ಅವನು ಹತ್ತಲಿಲ್ಲ, ಹೊರಟುಹೋಯಿತು. ಹಲ್ಲಿನ ಸಂದಿಗೆ ಬೈಗುಳ ಬಂದು ನಿಂತಿತ್ತು. ಅವನು ಅಂಗೈಯನ್ನು ಎದೆಯ ಮೇಲಿಟ್ಟುಕೊಂಡ. ಯಾರಾದರೂ ನೋಡಿಯಾರು ಎಂಬ ಸಂಕೋಚವೂ ಆಗಲಿಲ್ಲ. ಕಷ್ಟ ಇತ್ತಪ್ಪ, ಎಂದ ತನಗೆ ತಾನೇ, ತುಟಿ ಅಲುಗುವಷ್ಟು ಮಾತ್ರ. ಆದ್ರೂ ಹೋಗಿ ಬಂದೆ.

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮುದುಕನೊಬ್ಬ ಬಗ್ಗಿ ನೋಡಿದ. "ಏನಪ್ಪಾ, ಹುಷಾರಿಲ್ವಾ?"

"ಸುಸ್ತಾಗಿದೆ," ಎಂದ ಅವನು. "ಸ್ವಲ್ಪ ಹೊತ್ತು ಕೂರ್ತೀನಿ."

"ಕೂತ್ಕೋ, ಕೂತ್ಕೋ. ಕಟ್ಟೆ ಇರೋದೇ ಅದಕ್ಕೆ," ಎಂದು ಮುದುಕ ತನ್ನ ಬಸ್ಸು ಹತ್ತಿ ಹೋದ.

ಫೋನು ರಿಂಗಾಯಿತು. ಹೆಂಡತಿ. ಭಾನುವಾರವೂ ಅವಳಿಗೆ ಪಾಳಿ ಇತ್ತು. ಹಿಂದೆ ಲಾಂಡ್ರಿಯ ಯಂತ್ರಗಳ ಗುಡುಗು ಕೇಳುತ್ತಿತ್ತು.

"ಏನಾಯ್ತು ರೀ?"

"ಮಾತಾಡಿದ್ರು. ಕ್ಷಮಿಸಲ್ಲ ಅಂದ್ರು. ಮತ್ತೆ ಬರಬೇಡಿ ಅಂದ್ರು."

ಯಂತ್ರದ ಸದ್ದು ಮಾತ್ರ ತಿರುಗುತ್ತಿತ್ತು.

"ಎಲ್ಲಿದೀರಿ ಈಗ?"

"ಬಸ್ ಸ್ಟಾಪಲ್ಲಿ. ಕಾಲು ನಡುಗ್ತಿದೆ, ಕೂತಿದೀನಿ."

"ನಾನು ಬರ್ಲಾ? ಊಟದ ಬಿಡುವು ಇದೆ."

"ಬೇಡ," ಎನ್ನಲು ಅವನು ಬಾಯಿ ತೆರೆದ. ನಿನಗೆ ಕೆಲಸ ಇದೆ, ದೂರ ಆಗುತ್ತೆ, ನನಗೇನಾಗಿದೆ ಎಂಬ ಮಾತುಗಳು ಸಾಲಾಗಿ ಬಂದವು. ರಸ್ತೆಯ ಆಚೆ ಬದಿಯಲ್ಲಿ ಒಂದು ಖಾಲಿ ಶಾಲಾ ವ್ಯಾನು ಹಾದುಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಅವನು ನೋಡುತ್ತಿದ್ದ.

"ಹಲೋ? ಇದೀರಾ?"

"ಇದೀನಿ," ಎಂದ. "ಬಾ."

ಆಸ್ಪತ್ರೆಯಿಂದ ಅಲ್ಲಿಗೆ ನಡೆದು ಬರಲು ಅರ್ಧ ಗಂಟೆ ಬೇಕು. ಅವನು ಕಟ್ಟೆಯ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಒಬ್ಬರಿಗೆ ಕೂರುವಷ್ಟು ಜಾಗ ಮಾಡಿ, ಕಾಯುತ್ತ ಕೂತ.